ಅಂಕಿತ ಹಾಕದ ಅರಸ

ಪ್ರಜೆಗಳೇ ಪ್ರಭುಗಳಾಗಿರುವ ನಾಡಿನಲ್ಲಿ ಅರಸನಿಗೇನು ಕೆಲಸ? ಪ್ರಿಯ ಓದುಗರೇ, ಈ ಪ್ರಶ್ನೆ ನಿಮ್ಮ ಮನದಲ್ಲಿಯೂ ಮೂಡಿರಬಹುದು. ಬ್ರಿಟನ್, ನಾರ್ವೆ, ನೆದರ್‌ಲೆಂಡ್ಸ್, ಬೆಲ್ಜಿಯಂ ಮೊದಲಾದ ದೇಶಗಳಲ್ಲಿ ಇಂದಿಗೂ ಸಿಂಹಾಸನವಿದೆ; ಆದರೆ ಆಳುವ ಅಧಿಕಾರ ಜನರು ಆರಿಸಿದವರದು. ಸಂಸತ್ತು ಅಂಗೀಕರಿಸಿದ ಮಸೂದೆಗೆ ಅರಸನು ಅಂಕಿತ ಹಾಕುತ್ತಾನೆ. ಅದು ಕೇವಲ ಸಂಪ್ರದಾಯವೆಂದು ಎಲ್ಲರೂ ಭಾವಿಸಿರುತ್ತಾರೆ. ಹಾಗಾದರೆ, ಈ ಅಂಕಿತವನ್ನು ನನ್ನಿಂದ ಹಾಕಲಾಗದು ಎಂದು ಅರಸನೇ ಹೇಳಿದರೆ? 1990ರಲ್ಲಿ ಬೆಲ್ಜಿಯಂ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ಬೆಲ್ಜಿಯಂ ದೇಶದ ಸಂವಿಧಾನ 1831ರದು. ಅದರಂತೆ ಸಚಿವರ ಸಹಿಯಿಲ್ಲದೆ ಅರಸನ ಯಾವ ಆಜ್ಞೆಯೂ ಸಿಂಧುವಲ್ಲ. ಅಲ್ಲಿನ ಜನ ಅರಸೊತ್ತಿಗೆಯನ್ನು ಪ್ರಶ್ನಿಸದೆ ಒಪ್ಪಿದವರೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರಿಗೆ ಶರಣಾಗಿದ್ದ ಮೂರನೆಯ ಲಿಯೊಪೋಲ್ಡ್ ಮರಳಿ ಬರಬಹುದೇ ಎಂದು 1950ರ ಮಾರ್ಚ್‌ನಲ್ಲಿ ಜನಮತ ಕೇಳಲಾಯಿತು. ಶೇ. 57ಕ್ಕಿಂತ ಹೆಚ್ಚು ಮಂದಿ ಬರಲಿ ಎಂದರು. ಆದರೆ ಫ್ರೆಂಚ್ ಮಾತನಾಡುವ ವಲೋನಿಯಾ ಪ್ರಾಂತ್ಯದ ಬಹುಪಾಲು ಜನ ಬೇಡವೆಂದರು. ಮುಷ್ಕರಗಳು ನಡೆದವು, ಪ್ರಾಣಗಳು ಹೋದವು. ಕೊನೆಗೆ ಲಿಯೊಪೋಲ್ಡ್ ಮಗನಿಗೆ ದಾರಿ ಬಿಟ್ಟರು. ನಾಡಿನ ಐಕ್ಯದ ಸಂಕೇತವಾಗಿರಬೇಕಾದವನಿಗೆ ಬರಿಯ ಬಹುಮತ ಸಾಲದೆಂಬುದನ್ನು ಆ ದೇಶ ಅಂದೇ ಕಲಿತಿತ್ತು.

ಆ ಮಗನೇ ಬೋದ್ವಿನ್. 1951ರ ಜುಲೈನಲ್ಲಿ, ಇಪ್ಪತ್ತರ ಹರೆಯದಲ್ಲಿ ಅರಸನಾದ ಅವರು ಶ್ರದ್ಧಾವಂತ ಕಥೋಲಿಕರು. 1990ರ ಮಾರ್ಚ್ 29ರಂದು ಸಂಸತ್ತಿನ ಕೆಳಮನೆಯು ಗರ್ಭಪಾತವನ್ನು ಕೆಲವು ನಿಬಂಧನೆಗಳೊಡನೆ ಅನುಮತಿಸುವ ಮಸೂದೆಗೆ ಒಪ್ಪಿಗೆಯಿತ್ತಿತು. ಮೇಲ್ಮನೆ ಹಿಂದಿನ ನವೆಂಬರ್‌ನಲ್ಲಿಯೇ ಒಪ್ಪಿತ್ತು. ಮರುದಿನ ಬೋದ್ವಿನ್ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸ್ ಅವರಿಗೆ ಪತ್ರ ಬರೆದರು. ತನ್ನ ಮನಸ್ಸಾಕ್ಷಿ ಇದಕ್ಕೆ ಅಂಕಿತ ಹಾಕಲು ಒಪ್ಪದು. ಆದರೆ ಸಂಸತ್ತಿನ ನಡೆಗೆ ತಾನು ಅಡ್ಡಿಯಾಗಲಾರೆ. ಉಪಾಯವನ್ನು ಸರಕಾರವೇ ಹುಡುಕಲಿ ಎಂಬುದು ಅದರ ಸಾರ.

ಉಪಾಯ ಸಂವಿಧಾನದಲ್ಲಿಯೇ ಸಿಕ್ಕಿತು. ಅರಸನು ಆಳಲು ಅಸಮರ್ಥನಾಗುವ ಸಂದರ್ಭಕ್ಕೆ ಸಂಬಂಧಿಸಿದ 82ನೆಯ ವಿಧಿಯನ್ನು ಸರಕಾರ ಬಳಸಿತು. ಏಪ್ರಿಲ್ 3ರಂದು ಅರಸ ಅಸಮರ್ಥನೆಂದು ಘೋಷಿಸಿ, ಸಚಿವರೇ ಒಟ್ಟಾಗಿ ಶಾಸನಕ್ಕೆ ಸಹಿ ಹಾಕಿದರು. ಏಪ್ರಿಲ್ 5ರಂದು ಸಂಸತ್ತಿನ ಉಭಯ ಸದನಗಳು ಕೂಡಿ ಅಧಿಕಾರವನ್ನು ಆತನಿಗೆ ಮರಳಿಸಿದವು.

ಇದು ಸರಿಯೇ? ಆರೋಗ್ಯವಂತನಾದ ಅರಸನನ್ನು ಅಸಮರ್ಥನೆಂದದ್ದು ಸುಳ್ಳಲ್ಲವೇ ಎಂದು ಕೇಳಿದವರಿದ್ದರು. ಮತ ಕೇಳದೆ ಪಟ್ಟಕ್ಕೆ ಬಂದವನು ಮತದಿಂದ ಬಂದವರ ತೀರ್ಮಾನವನ್ನು ಒಪ್ಪದಿರಲು ಯಾರು ಎಂದವರೂ ಇದ್ದರು. ಈ ಆಕ್ಷೇಪಗಳನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ಸಂವಿಧಾನದ 111ನೆಯ ವಿಧಿಯಂತೆ ರಾಷ್ಟ್ರಪತಿಗಳು ಮಸೂದೆಯೊಂದನ್ನು ಮರುಪರಿಶೀಲನೆಗೆ ಕಳುಹಿಸಬಹುದು. ಸಂಸತ್ತು ಮತ್ತೆ ಅಂಗೀಕರಿಸಿದರೆ ಒಪ್ಪಲೇಬೇಕು. ಒಪ್ಪಲಾಗದವರು ರಾಜೀನಾಮೆ ಕೊಡಬಹುದು; ಅವರ ಸ್ಥಾನಕ್ಕೆ ಮತ್ತೊಬ್ಬರನ್ನು ಆರಿಸಬಹುದು. ಹುಟ್ಟಿನಿಂದಲೇ ಪಟ್ಟ ಪಡೆದವನಿಗೆ ದಾರಿ ಅಷ್ಟು ಸುಲಭವಲ್ಲ.

ಇಂಥದೇ ಸಂದರ್ಭವನ್ನು ಲಕ್ಸೆಂಬರ್ಗ್ ಬೇರೆ ರೀತಿಯಲ್ಲಿ ಬಗೆಹರಿಸಿತು. 2008ರಲ್ಲಿ ದಯಾಮರಣದ ಮಸೂದೆಯನ್ನು ಅನುಮೋದಿಸಲಾರೆನೆಂದು ಆಗಿನ ಗ್ರ್ಯಾಂಡ್ ಡ್ಯೂಕ್ ಹೆನ್ರಿ ತಿಳಿಸಿದಾಗ, 2009ರಲ್ಲಿ ಸಂವಿಧಾನವನ್ನೇ ತಿದ್ದಲಾಯಿತು. ಅಂದಿನಿಂದ ಅಲ್ಲಿನ ದೊರೆ ಶಾಸನವನ್ನು ಜಾರಿಗೊಳಿಸಿ ಪ್ರಕಟಿಸುತ್ತಾನೆಯೇ ಹೊರತು ಅನುಮೋದಿಸುವುದಿಲ್ಲ. ಮನಸ್ಸಾಕ್ಷಿಯ ಭಾರ ತಗ್ಗಿತು, ಅಧಿಕಾರವೂ ತಗ್ಗಿತು.

ಇತಿಹಾಸದ ಇನ್ನೊಂದು ಪುಟವನ್ನು ನೆನೆಯಿರಿ. 1535ರಲ್ಲಿ ಸಂತ ಥಾಮಸ್ ಮೋರ್ ಅರಸ ಎಂಟನೆಯ ಹೆನ್ರಿಯ ಇಚ್ಛೆಗೆ ಮಣಿಯದೆ ಶಿರಚ್ಛೇದಕ್ಕೆ ಒಳಗಾದರು. 1990ರಲ್ಲಿ ಮಣಿಯಲಾರೆನೆಂದವನು ಅರಸ, ಆಳುವವರು ಪ್ರಜಾಪ್ರತಿನಿಧಿಗಳು. ಈ ಬಾರಿ ಯಾರ ತಲೆಯೂ ಉರುಳಲಿಲ್ಲ, ಶಾಸನವೂ ನಿಲ್ಲಲಿಲ್ಲ. ನಾಲ್ಕೂವರೆ ಶತಮಾನಗಳಲ್ಲಿ ಪ್ರಜಾಪ್ರಭುತ್ವ ತಂದ ಅಂತರ ಇದು.

ಬೋದ್ವಿನ್ 1993ರ ಜುಲೈ 31ರಂದು ನಿಧನರಾದರು. 2024ರ ಸೆಪ್ಟೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್‌ರವರು ಅವರ ಸಮಾಧಿಯ ಬಳಿ ಪ್ರಾರ್ಥಿಸಿ, ಅವರನ್ನು ಪುನೀತರ ಸಾಲಿಗೆ ಸೇರಿಸುವ ಪ್ರಕ್ರಿಯೆ ಆರಂಭಿಸುವುದಾಗಿ ತಿಳಿಸಿದಾಗ ಬೆಲ್ಜಿಯಂನಲ್ಲಿ ಹಳೆಯ ಚರ್ಚೆ ಮತ್ತೆ ಎದ್ದಿತು. ಆ ಚರ್ಚೆ ಹೇಗೇ ಮುಗಿಯಲಿ, ನಮ್ಮ ಮೊದಲ ಪ್ರಶ್ನೆಗೆ ಒಂದು ಉತ್ತರವಂತೂ ದೊರೆಯುತ್ತದೆ. ಅರಸನನ್ನು ಬದಿಗಿರಿಸಿಯೂ ಶಾಸನ ಮುಂದೆ ಸಾಗಬಲ್ಲದಾದರೆ, ಅಲ್ಲಿ ಸಿಂಹಾಸನವಿದ್ದರೂ ಪ್ರಜಾಪ್ರಭುತ್ವಕ್ಕೆ ಕೊರತೆಯಿಲ್ಲ. ಅರಸನಿಗೂ ಮನಸ್ಸಾಕ್ಷಿ ಇರಬಹುದು. ಆದರೆ ಅದರ ಬೆಲೆಯನ್ನು ಆತನೇ ತೆರಬೇಕು, ಪ್ರಜೆಗಳಲ್ಲ. ಬೋದ್ವಿನ್ ಕಿರೀಟವನ್ನು ಕೆಳಗಿಡಲು ಸಿದ್ಧರಿದ್ದರು. ಅಧಿಕಾರದ ಸ್ಥಾನದಲ್ಲಿ ನಿಂತು ಮನಸ್ಸಾಕ್ಷಿಯ ಮಾತೆತ್ತುವ ನಮ್ಮಲ್ಲಿ ಎಷ್ಟು ಮಂದಿ ಅಷ್ಟಕ್ಕೆ ಸಿದ್ಧರಿದ್ದೇವೆ?