ಗರಡಿಯಿಂದ ಬೆಳಗಾವಿ ಪರೇಡ್ ಗ್ರೌಂಡ್ ತನಕ (ಭಾಗ 3)

ಹಿಂದಿನ ಪೋಸ್ಟ್‌ನಾಗ 1824ರ ಅಕ್ಟೋಬರ್ 23ರ ಕಿತ್ತೂರು ಯುದ್ಧ, ಥ್ಯಾಕರೆ ಸತ್ತಿದ್ದು ಓದಿದ್ರಲ್ಲ? ಇವತ್ತು ನಮ್ಮ ಕಡೆ ಸೈನಿಕರು ತಯಾರಾಗೋದು ಹೆಂಗ ಅನ್ನೋ ಕಥೆ.

ಬೈಲಹೊಂಗಲ ತಾಲೂಕಿನ ಸಂಗೊಳ್ಳಿಗೆ ಹೋದ್ರೆ ರಾಯಣ್ಣನ ಗರಡಿಮನೆ ನೋಡಬಹುದು. ಆಗ ಬ್ಯಾರಕ್ ಎಲ್ಲಿಂದ ಬರಬೇಕು? ಕೆಂಪು ಮಣ್ಣು, ಸಾಮು, ಕುಸ್ತಿ, ಕತ್ತಿವರಸೆ. ರಾಯಣ್ಣ ಶೇತಸನದಿ, ಅಂದ್ರೆ ಚಾಕರಿಗೆ ಪ್ರತಿಯಾಗಿ ಸಿಕ್ಕಿದ್ದು ಹೊಲ. (ಬಿಕಾಂನವರಿಗೆ: ಸಂಬಳದ ಬದಲು ಆಸ್ತಿ!) ಆ ಹೊಲಕ್ಕೇ ಕಂಪನಿ ಸರ್ಕಾರ ಕೈ ಹಾಕಿದ್ದು ಬಂಡಾಯದ ಒಂದು ದೊಡ್ಡ ಕಾರಣ. 1831ರ ಜನವರಿ 26ಕ್ಕೆ ನಂದಗಡದಲ್ಲಿ ಗಲ್ಲು.

1922ರಲ್ಲಿ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಬೆಳಗಾವಿಗೆ ಬಂತು. ನಮ್ಮ ಹುಡುಗರು ಬೆಳಗಿನ ಜಾವ ರೋಡಿನ ಮ್ಯಾಲೆ ಓಡೋದು ಇಂಥ ಗೇಟ್ ದಾಟಾಕ. 2022ರಲ್ಲಿ ಅಗ್ನಿವೀರ ಶುರುವಾದಾಗ ರ‍್ಯಾಲಿ ಲೆಕ್ಕ: 1.6 ಕಿ.ಮೀ. 5 ನಿಮಿಷ 30 ಸೆಕೆಂಡಿನೊಳಗ ಓಡಿದ್ರೆ 60 ಅಂಕ, 10 ಪುಲ್‌ಅಪ್‌ಗೆ 40.

ಅದು ಬರೀ ಬಾಗಿಲು. ಒಳಗೆ ಹೋದ ಮೊದಲ ಬ್ಯಾಚಿಗೆ 31 ವಾರ ತರಬೇತಿ: ಪಿಟಿ, ಡ್ರಿಲ್, ರೈಫಲ್, ಭಾರ ಹೊತ್ತು ರೂಟ್ ಮಾರ್ಚ್. ಕಾಲು ಬೊಬ್ಬೆ ಬಂದ್ರೂ ಸಾಲು ಬಿಡಂಗಿಲ್ಲ. ಒಬ್ಬ ತಪ್ಪಿದ್ರೆ ಎಲ್ಲರಿಗೂ ಶಿಕ್ಷೆ ಅಂತ ಹೋಗಿ ಬಂದವರು ಹೇಳ್ತಾರೆ. ಇಷ್ಟು ಮಾಡಿದ್ರೂ 4 ವರ್ಷದ ಮೇಲೆ ಉಳಿಸಿಕೊಳ್ಳೋದು ಶೇ. 25ರ ತನಕ ಮಾತ್ರ. ನನಗಂತೂ ಈ ಲೆಕ್ಕ ಸರಿ ಕಾಣಂಗಿಲ್ಲ. ಶೇತಸನದಿಗೆ ಹೊಲನಾದ್ರೂ ಇತ್ತು.

ಸವದತ್ತಿ, ರಾಮದುರ್ಗ ಕಡೆ ಟ್ರೇನಿಂಗ್ ಮುಗಿಸಿದವರು ಇದ್ದೀರೇನು? ಯಾವ ವಾರ ಭಾಳ ಕಷ್ಟ ಆತು, ಕಾಮೆಂಟ್‌ನಾಗ ಹೇಳ್ರಿ 👇