ಪಿ.ಎಫ್. ದುಡ್ಡು, ಡೈವೋರ್ಸು ಮತ್ತು ಒಂದಿಷ್ಟು ಇತಿಹಾಸ

ನಾನಿರುವುದು ಮುಂಡಗೋಡದ ಟಿಬೆಟನ್ ಕಾಲೊನಿಯ ಹತ್ತಿರ. ಕಾಲೊನಿ ಶುರುವಾಗಿದ್ದು 1966ರಲ್ಲಿ. ಇಲ್ಲಿ ಭತ್ತ, ಗೋವಿನಜೋಳ ಬೆಳೆದು ಬದುಕುವವರಿಗೆ ಮಾಲೀಕರೂ ಇಲ್ಲ, ಪಿ.ಎಫ್. ಕೂಡ ಇಲ್ಲ. ನಮ್ಮ ಕಡೆ ಪಿ.ಎಫ್. ಅಂದರೆ ದಾಂಡೇಲಿ, ಅಲ್ಲಿನ ಪೇಪರ್ ಮಿಲ್ಲು. ಈಚೆಗೆ ಪರಿಚಯದವರೊಬ್ಬರು ಕೇಳಿದರು: "ಡೈವೋರ್ಸ್ ಆದ್ರೆ ಗಂಡನ ಪಿ.ಎಫ್.ನಲ್ಲಿ ಹೆಂಡತಿಗೆ ಅರ್ಧ ಬರ್ತದೇನ್ರಿ?" ಬರುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಿ.ಎಫ್. ಸುಗ್ರೀವಾಜ್ಞೆ ಬಂದದ್ದು 1951ರ ನವೆಂಬರ್‌ನಲ್ಲಿ, ಕಾಯ್ದೆಯಾದದ್ದು 1952ರಲ್ಲಿ. ಮೊದಲು ಸೇರಿದ್ದು ಆರೇ ಉದ್ಯಮಗಳು: ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಜವಳಿ ಮತ್ತು ಕಾಗದ. ಕಾರ್ಮಿಕನ ವಂತಿಗೆ ಆಗ ಶೇ. 6.25, ಅಂದರೆ ರೂಪಾಯಿಗೆ ಒಂದಾಣೆ. ಮಾಲೀಕನದೂ ಅಷ್ಟೇ.

ಆ ಕಾಯ್ದೆಯ 10ನೇ ಕಲಂ ದುಡ್ಡಿಗೆ ಗಟ್ಟಿ ಬೀಗ ಹಾಕಿತು. ಪಿ.ಎಫ್. ಖಾತೆಯನ್ನು ಒತ್ತೆ ಇಡುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ, ಯಾವ ಕೋರ್ಟಿನ ಡಿಕ್ರಿಯ ಮೇಲೂ ಜಪ್ತಿ ಮಾಡುವಂತಿಲ್ಲ. ಬಡ್ಡಿ ಸಾಹುಕಾರನಿಂದ ಕಾರ್ಮಿಕನ ಸಂಸಾರ ಉಳಿಸಲು ಹಾಕಿದ ಬೀಗ ಅದು. ಸಂಸಾರವೇ ಒಡೆದಾಗ ಅದೇ ಬೀಗ ಹೆಂಡತಿಯನ್ನೂ ಹೊರಗೆ ನಿಲ್ಲಿಸಿತು.

ಇನ್ನೊಂದು ಕಡೆ ನೋಡಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ 1955ರಲ್ಲೇ ಹಿಂದೂ ವಿವಾಹ ಕಾಯ್ದೆಯೂ ಬಂತು. ಅದರ 25ನೇ ಕಲಂ ಜೀವನಾಂಶ ಕೊಡಿಸುತ್ತದೆ. 27ನೇ ಕಲಂ ಮದುವೆಯ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ಆಸ್ತಿಯ ಬಗ್ಗೆ ಮಾತ್ರ ಹೇಳುತ್ತದೆ. ಸಂಸಾರ ಮಾಡುತ್ತಾ ಕೂಡಿಟ್ಟದ್ದನ್ನು ಪಾಲು ಮಾಡುವ ನಿಯಮ ಎರಡರಲ್ಲೂ ಇಲ್ಲ. ಜೀವನಾಂಶದ ಮೊತ್ತ ನಿಗದಿ ಮಾಡುವಾಗ ಜಡ್ಜ್ ಗಂಡನ ಆದಾಯ, ಆಸ್ತಿ ನೋಡುತ್ತಾರೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಕೊಡಬೇಕು ಎಂದಿತು. ಲೆಕ್ಕಕ್ಕೆ ಬರಬಹುದು, ಪಾಲಿಗೆ ಬರುವುದಿಲ್ಲ.

ಅಮೆರಿಕದಲ್ಲೂ ಇಂಥ ಬೀಗವೇ ಇತ್ತು. 1984ರ ಕಾನೂನೊಂದು ಅದಕ್ಕೆ ಕೀಲಿ ಮಾಡಿಕೊಟ್ಟಿತು. ವಿಚ್ಛೇದನದ ಕೋರ್ಟು ವಿಶೇಷ ಆದೇಶ ಕೊಟ್ಟರೆ ನಿವೃತ್ತಿ ನಿಧಿಯಿಂದಲೇ ಹೆಂಡತಿಯ ಪಾಲು ಹೋಗುತ್ತದೆ, ಅದರ ತೆರಿಗೆಯೂ ಪಾಲು ಪಡೆದವರದೇ. ಅಲ್ಲಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರ 401-ಕೆ ಖಾತೆಗಳಿಗೂ ಇದೇ ನಿಯಮ.

ಹಾಗಂತ ನಮ್ಮ ಪಿ.ಎಫ್. ಸ್ಕೀಮು ಸಂಸಾರವನ್ನು ಮರೆತಿತ್ತು ಅನ್ನಬೇಡಿ. ಮಕ್ಕಳ ಮದುವೆಗೆ ಮುಂಗಡ ಇತ್ತು. ಮದುವೆಗಾಗಿ ಕೆಲಸ ಬಿಟ್ಟ ಹೆಣ್ಣುಮಗಳು ದುಡ್ಡಿಗೆ ಎರಡು ತಿಂಗಳು ಕಾಯಬೇಕಿರಲಿಲ್ಲ. 'ಕುಟುಂಬ' ಎಂಬ ಪದದ ವಿವರಣೆ ಓದಿ ನನಗೆ ಆಶ್ಚರ್ಯವಾಯಿತು. ಹೆಂಡತಿಯನ್ನು ಕುಟುಂಬದಿಂದ ಬಿಡಬೇಕಾದರೆ ಆಕೆಗೆ ಜೀವನಾಂಶದ ಹಕ್ಕು ಇಲ್ಲವೆಂದು ಗಂಡ ಸಾಬೀತು ಮಾಡಬೇಕಿತ್ತು. ಗಂಡನನ್ನು ಬಿಡಲು ಹೆಂಡತಿ ಕಮಿಷನರಿಗೆ ಒಂದು ಪತ್ರ ಬರೆದರೆ ಸಾಕಿತ್ತು! ಆದರೆ ಇದೆಲ್ಲ ಸದಸ್ಯ ಸತ್ತ ಮೇಲೆ ಹಣ ಯಾರಿಗೆ ಎನ್ನುವ ಪ್ರಶ್ನೆಗೆ. ಬದುಕಿರುವಾಗ ಬೇರೆಯಾದವರ ವಿಷಯಕ್ಕೆ ಸ್ಕೀಮು ಬಾಯಿ ಬಿಡಲಿಲ್ಲ.

ಇನ್ನು ತೆರಿಗೆ. ಐದು ವರ್ಷ ಸತತ ಸೇವೆ ಆಗುವ ಮೊದಲೇ ದುಡ್ಡು ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಜೀವನಾಂಶ ಕೊಡಲಿಕ್ಕೆ ತೆಗೆದೆ ಅಂದರೂ ರಿಯಾಯಿತಿ ಇಲ್ಲ. ಪಡೆಯುವವಳ ವಿಷಯ ಬೇರೆ. 1984ರಲ್ಲಿ ಬಾಂಬೆ ಹೈಕೋರ್ಟು ಪ್ರತಾಪಗಢದ ರಾಣಿಯೊಬ್ಬರ ಮೊಕದ್ದಮೆಯಲ್ಲಿ, ಒಂದೇ ಗಂಟಿನಲ್ಲಿ ಬಂದ ಜೀವನಾಂಶ ಆದಾಯವಲ್ಲ, ತಿಂಗಳು ತಿಂಗಳು ಬರುವುದು ಆದಾಯ ಎಂದಿತು.

2016ರ ಬಜೆಟ್ಟಿನಲ್ಲಿ ಪಿ.ಎಫ್.ನ ಶೇ. 60ಕ್ಕೆ ತೆರಿಗೆ ಹಾಕಲು ಹೊರಟಿದ್ದರು, ಮಾರ್ಚ್ 8ಕ್ಕೆ ವಾಪಸ್ಸು ತೆಗೆದುಕೊಂಡರು. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದು ಎಂಬ ಇನ್ನೊಂದು ನಿಯಮದ ವಿರುದ್ಧ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಏಪ್ರಿಲ್ 19ಕ್ಕೆ ಅದೂ ರದ್ದಾಯಿತು. ತನ್ನ ಹೆಸರಿನ ಪಿ.ಎಫ್. ಹೆಣ್ಣಿಗೆ ಏನು ಅಂತ ಆ ಎರಡು ದಿನ ತೋರಿಸಿತು.

ಮಿಲ್ಲಿನ ಪಾಳಿಗೆ ಗಂಡ ಹೋಗಬೇಕಾದರೆ ಮನೆಯಲ್ಲಿ ಯಾರೋ ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಬೇಕು. ಆ ಕೆಲಸಕ್ಕೆ ಪಾಸ್‌ಬುಕ್ಕಿನಲ್ಲಿ ಕಾಲಂ ಇಲ್ಲ. ಸಾಲಗಾರನಿಗೆ ಹಾಕಿದ ಬೀಗ ಇರಲಿ, ಒಳ್ಳೆಯದೇ. ಆದರೆ ಹೆಂಡತಿ ಸಾಲಗಾರಳಲ್ಲವಲ್ಲ. ನೀವೇನಂತೀರಿ?