ಆದಾಯ ತೆರಿಗೆಯ ಬದಲು ಮಾರಾಟ ತೆರಿಗೆ: ಅಮೆರಿಕದ ಒಂದು ಲೆಕ್ಕ

ಪ್ರಸ್ತಾವ ಏನು?

ಅಮೆರಿಕದ ಒಕ್ಕೂಟ ಸರ್ಕಾರಕ್ಕೆ ತನ್ನದೇ ಆದ ಸಾಮಾನ್ಯ ಮಾರಾಟ ತೆರಿಗೆ ಇಲ್ಲ. ಅದನ್ನು ವಸೂಲು ಮಾಡುವುದು 45 ರಾಜ್ಯಗಳು. ಒಕ್ಕೂಟದ ಬೊಕ್ಕಸಕ್ಕೆ ಆದಾಯ ತೆರಿಗೆಯೇ ಮುಖ್ಯ ಆಧಾರ. 2023ರ ಹಣಕಾಸು ವರ್ಷದಲ್ಲಿ ಬಂದ ಸುಮಾರು 4.4 ಲಕ್ಷ ಕೋಟಿ ಡಾಲರ್ ವರಮಾನದಲ್ಲಿ ಅರ್ಧದಷ್ಟು ವ್ಯಕ್ತಿಗಳ ಆದಾಯ ತೆರಿಗೆಯಿಂದ ಬಂದದ್ದು.

ಈ ಏರ್ಪಾಡನ್ನು ಬದಲಿಸಲು ಜಾರ್ಜಿಯಾದ ಸಂಸದ ಜಾನ್ ಲಿಂಡರ್ 1999ರಲ್ಲಿ ‘ಫೇರ್‌ಟ್ಯಾಕ್ಸ್’ ಮಸೂದೆ ಮಂಡಿಸಿದರು. ಆದಾಯ ತೆರಿಗೆ, ಕಂಪನಿ ತೆರಿಗೆ, ಸಾಮಾಜಿಕ ಭದ್ರತೆಗಾಗಿ ಸಂಬಳದಲ್ಲಿ ಹಿಡಿಯುವ ತೆರಿಗೆ ಎಲ್ಲವನ್ನೂ ರದ್ದುಪಡಿಸಿ, ಹೊಸ ಸರಕು ಮತ್ತು ಸೇವೆಗಳ ಚಿಲ್ಲರೆ ಮಾರಾಟಕ್ಕೆ ಒಂದೇ ತೆರಿಗೆ ವಿಧಿಸುವುದು ಅದರ ತಿರುಳು. ಬಡವರಿಗೆ ಹೊರೆಯಾಗದಂತೆ, ಬಡತನ ರೇಖೆಯ ಮಟ್ಟದ ಖರ್ಚಿನ ಮೇಲಿನ ತೆರಿಗೆಯನ್ನು ಪ್ರತಿ ಕುಟುಂಬಕ್ಕೂ ತಿಂಗಳಿಗೆ ಮುಂಚಿತವಾಗಿಯೇ ಮರಳಿಸಲಾಗುತ್ತದೆ.

ದರ 23ರೋ, 30ರೋ?

ಮಸೂದೆಯಲ್ಲಿರುವ ದರ ಶೇ. 23. ಅಂಗಡಿಯ ಗಲ್ಲಾದ ಮುಂದೆ ಲೆಕ್ಕ ಬೇರೆಯಾಗುತ್ತದೆ. 100 ಡಾಲರ್ ಬೆಲೆಯ ಕುರ್ಚಿಗೆ ಗ್ರಾಹಕ ತೆರಬೇಕಾದದ್ದು ಸುಮಾರು 130 ಡಾಲರ್. ಆ 30 ಡಾಲರ್, ಒಟ್ಟು 130ರಲ್ಲಿ ಶೇ. 23; ಮೂಲ ಬೆಲೆಯಲ್ಲಿ ಶೇ. 30. ಎರಡೂ ಗಣಿತ ಸರಿಯೇ. ಆದರೆ ರಾಜ್ಯಗಳು ಮಾರಾಟ ತೆರಿಗೆಯನ್ನು ಎರಡನೆಯ ರೀತಿಯಲ್ಲೇ ಹೇಳುವುದರಿಂದ, ಮೊದಲ ಅಂಕಿ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ. ರಾಜ್ಯದ ತೆರಿಗೆ ಇದರ ಮೇಲೆ ಪ್ರತ್ಯೇಕ.

ಬೊಕ್ಕಸ ತುಂಬೀತೆ?

ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ನೇಮಿಸಿದ್ದ ತೆರಿಗೆ ಸುಧಾರಣಾ ಸಮಿತಿ 2005ರಲ್ಲಿ ಇಂಥ ತೆರಿಗೆಯನ್ನು ಪರಿಶೀಲಿಸಿತು. ಸಂಬಳದ ಮೇಲಿನ ತೆರಿಗೆಯನ್ನು ಹಾಗೆಯೇ ಉಳಿಸಿಕೊಂಡು ಆದಾಯ ತೆರಿಗೆಯನ್ನಷ್ಟೇ ತೆಗೆದುಹಾಕಿದರೂ, ಮೂಲ ಬೆಲೆಯ ಮೇಲೆ ಕನಿಷ್ಠ ಶೇ. 34ರ ದರ ಬೇಕು. ವಂಚನೆ ಹೆಚ್ಚಿದರೆ ಅದು ಶೇ. 49ಕ್ಕೂ ಏರಬಹುದು ಎಂದು ಸಮಿತಿ ಅಂದಾಜಿಸಿತು. ಮಸೂದೆಯ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ: ಸರ್ಕಾರ ತನ್ನ ಖರೀದಿಗೂ ತೆರಿಗೆ ಕಟ್ಟುತ್ತದೆ. ಅದು ಬಲಗೈಯ ಹಣವನ್ನು ಎಡಗೈಗೆ ದಾಟಿಸಿ ವರಮಾನವೆಂದು ಬರೆದುಕೊಂಡಂತೆ.

ವಂಚನೆಯ ಸುಳಿ

ನಮ್ಮ ಜಿಎಸ್‌ಟಿ ಹಂತಹಂತವಾಗಿ ವಸೂಲಾಗುತ್ತದೆ. ತಾನು ಕಟ್ಟಿದ ತೆರಿಗೆಯನ್ನು ಮುಂದೆ ವಜಾ ಮಾಡಿಕೊಳ್ಳಬೇಕಾದ ವ್ಯಾಪಾರಿ ತನಗೆ ಸರಕು ಕೊಟ್ಟವನಿಂದ ಬಿಲ್ ಕೇಳಿ ಪಡೆಯುತ್ತಾನೆ. ಕೊನೆಯ ಅಂಗಡಿಯವನು ತಪ್ಪಿಸಿದರೂ ಹಿಂದಿನ ಹಂತಗಳ ತೆರಿಗೆ ಬಂದಿರುತ್ತದೆ. ಅಮೆರಿಕದ ಈ ಪ್ರಸ್ತಾವದಲ್ಲಿ ಇಡೀ ತೆರಿಗೆ ಕಡೆಯ ಗಲ್ಲಾದಲ್ಲೇ ವಸೂಲಾಗಬೇಕು. ‘ಬಿಲ್ ಬೇಡ’ ಎಂಬ ಒಂದು ಮಾತಿಗೆ ಗ್ರಾಹಕನೂ ಅಂಗಡಿಯವನೂ 30 ಡಾಲರ್ ಹಂಚಿಕೊಳ್ಳಬಹುದು. ಹಾಗೆ ಸೋರಿದ ಹಣವನ್ನು ತುಂಬಿಕೊಳ್ಳಲು ದರ ಏರಿಸಿದರೆ, ಬಿಲ್ ಬೇಡವೆನ್ನುವ ಆಸೆಯೂ ಅಷ್ಟೇ ಏರುತ್ತದೆ.

2023ರಲ್ಲಿ ಜಾರ್ಜಿಯಾದವರೇ ಆದ ಬಡ್ಡಿ ಕಾರ್ಟರ್ ಇದೇ ಮಸೂದೆಯನ್ನು ಮತ್ತೆ ಮಂಡಿಸಿದರು. ಆಗಲೂ ಅದು ಸದನದಲ್ಲಿ ಮತಕ್ಕೆ ಬರಲಿಲ್ಲ.